ಎಡಗಡೆಯ ಮೂರು ಸಾಲು

ಜನವರಿ 9

ತಂಗಿಗೆ,

ಮೂರು ವರ್ಷದ ಮೇಲೆ ನಿನಗೆ ಬರೆಯುತ್ತಿರುವ ಕಾಗದ ಇದು. ಕ್ಷೇಮ ಸಮಾಚಾರ ವಿಚಾರಿಸುವುದಿಲ್ಲ. ನೀನು ಚೆನ್ನಾಗಿದ್ದೀಯೆಂದು ಅಮ್ಮ ವಾರಕ್ಕೊಮ್ಮೆ ಫೋನಿನಲ್ಲಿ ಹೇಳುತ್ತಾಳೆ, ನಾನು ಕೇಳದಿದ್ದರೂ ಹೇಳುತ್ತಾಳೆ. ಕಂಪನಿಯವರು ನಿನಗೆ ಸ್ವಂತ ಕೋಣೆ ಕೊಟ್ಟಿದ್ದಾರಂತೆ, ಅದಕ್ಕೆ ಕಿಟಕಿಯೂ ಇದೆಯಂತೆ. ಸಂತೋಷ.

ವಿಷಯಕ್ಕೆ ಬರುತ್ತೇನೆ. ನನ್ನ ಪ್ರಯೋಗಾಲಯ ಬಿಟ್ಟು ಹೋಗುವಾಗ ನೀನು ನಾಲ್ಕು ಪ್ರಯೋಗ ಪುಸ್ತಕಗಳನ್ನು ಬ್ಯಾಗಿಗೆ ತುಂಬಿಕೊಂಡು ಹೋದೆ. ಅವು ಸಂಸ್ಥೆಯ ಸ್ವತ್ತು, ನಿನ್ನ ಬಟ್ಟೆಬರೆಯಲ್ಲ. ಆಗ ನಾನು ಕೇಳಲಿಲ್ಲ, ಈಗ ಕೇಳುತ್ತಿದ್ದೇನೆ. ನಾಲ್ಕನೆಯ ಪುಸ್ತಕ ಬೇಕು. ಮೂಲ ಪುಸ್ತಕವೇ ಬೇಕು, ನಕಲು ಬೇಡ.

ಕಾರಣವನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನೀನೇ ಒಂದನ್ನು ಕಟ್ಟಿಕೊಳ್ಳುತ್ತೀಯ. ನಿನ್ನ ಜಾಗಕ್ಕೆ ಬಂದ ಸಂಶೋಧಕಿ ಎರಡೂವರೆ ವರ್ಷದಿಂದ ನಮ್ಮ ಫಲಿತಾಂಶವನ್ನು ಇನ್ನೊಮ್ಮೆ ತೆಗೆಯಲು ಹೆಣಗುತ್ತಿದ್ದಾಳೆ. ಎಪ್ಪತ್ತೊಂದು ಚಿಪ್ ಮಾಡಿದ್ದಾಳೆ, ಒಂದರಲ್ಲೂ ಬಂದಿಲ್ಲ. ಅವಳ ಕೈ ಸರಿಯಿಲ್ಲ. ಕೆಲವರ ಕೈಯೇ ಹಾಗೆ, ಎಷ್ಟು ತಿದ್ದಿದರೂ ಅಷ್ಟೇ. ಏಪ್ರಿಲ್ 12ಕ್ಕೆ ಸಮಿತಿ ಸೇರುತ್ತದೆ, ಅವಳನ್ನು ಮುಂದುವರಿಸಬೇಕೋ ಬೇಡವೋ ಎಂದು ಅಂದು ನಾನು ಹೇಳಬೇಕು. ಈಗಿನ ಸ್ಥಿತಿಯಲ್ಲಿ ಹೇಳುವುದು ಒಂದೇ ಇದೆ. ಮೂವತ್ತೊಂದು ವರ್ಷದ ಹೆಂಗಸು ಪದವಿ ಇಲ್ಲದೆ ಮನೆಗೆ ಹೋಗುತ್ತಾಳೆ. ನಿನ್ನ ಪುಸ್ತಕದಿಂದ ಅವಳಿಗೆ ಸಹಾಯವಾದೀತು ಎಂದು ಕೇಳುತ್ತಿದ್ದೇನೆ, ನನಗಾಗಿ ಅಲ್ಲ.

ಮೇಲ್ ಬಿಟ್ಟು ಕಾಗದ ಯಾಕೆಂದು ಹುಬ್ಬು ಏರಿಸಬೇಡ. ನನ್ನ ವಿಳಾಸವನ್ನು ತಡೆದಿಟ್ಟವಳು ನೀನೇ.

ಅಕ್ಕ


ಜನವರಿ 21

ಮಾನ್ಯ ಪ್ರಾಧ್ಯಾಪಕರಿಗೆ,

ತಮ್ಮ ಆಜ್ಞಾಪತ್ರ ತಲುಪಿತು. ತಾವು ಕೈಯಾರೆ ಬರೆದಿದ್ದೀರಿ, ಧನ್ಯಳಾದೆ.

ಇಷ್ಟು ನಾಟಕ ಸಾಕು, ನೀನು ಎಂದೇ ಬರೆಯುತ್ತೇನೆ. ನಿನ್ನ ವಿಳಾಸ ತಡೆದಿಟ್ಟದ್ದು ನಿಜ. ಆದರೆ ಸಂಸ್ಥೆಯ ಮೇಲ್‌ನಲ್ಲಿ ಬರೆದರೆ ಅದು ದಾಖಲೆಯಾಗಿ ಉಳಿಯುತ್ತದೆ ಎಂಬ ಕಾರಣಕ್ಕೆ ನೀನು ಪೆನ್ನು ಹಿಡಿದದ್ದು ಎಂದು ನನಗೆ ಗೊತ್ತಾಗುವುದಿಲ್ಲವೇ? ಹದಿನಾಲ್ಕು ವರ್ಷ ನಿನ್ನ ಪಕ್ಕದ ಮೇಜಿನಲ್ಲಿ ಕೂತವಳು ನಾನು.

ಅವಳ ಕೈ ಸರಿಯಿಲ್ಲ ಎಂದಿದ್ದೀಯ. ಮೊದಲ ಎರಡು ವರ್ಷ ನನ್ನ ಕೈಯನ್ನೂ ಇದೇ ಮಾತಿನಲ್ಲಿ ಬೈದಿದ್ದೆ. ಆಮೇಲೆ ಅದೇ ಕೈ ಮಾಡಿದ ಚಿಪ್ ಹಿಡಿದುಕೊಂಡು ಊರೂರು ಸುತ್ತಿ ಭಾಷಣ ಮಾಡಿದೆ. ಆ ಭಾಷಣ ನನಗೆ ಇವತ್ತಿಗೂ ಬಾಯಿಪಾಠ, ಯಾಕೆಂದರೆ ಬರೆದುಕೊಟ್ಟವಳು ನಾನು. "ಒಂದು ಕೂದಲಿನ ದಪ್ಪವನ್ನು ಹತ್ತು ಸಾವಿರ ಪಾಲು ಮಾಡಿ, ಅದರಲ್ಲಿ ಒಂದು ಪಾಲು ಎತ್ತಿಕೊಳ್ಳಿ. ಈ ಚಿಪ್‌ನಲ್ಲಿ ಚಿನ್ನದ ಹಾಳೆಗೂ ಅದರ ಮೇಲೆ ಕೂತ ಚಿನ್ನದ ತುಣುಕಿಗೂ ನಡುವೆ ಅಷ್ಟೇ ಸಂದು. ಆ ಸಂದಿನಲ್ಲಿ ಒಂದೇ ಒಂದು ಹರಳು. ಬೆಳಕನ್ನು ಅಷ್ಟು ಇಕ್ಕಟ್ಟಿಗೆ ಸಿಕ್ಕಿಸಿದರೆ ಹರಳಿಗೆ ಸುಮ್ಮನೆ ಕೂರಲು ಆಗುವುದಿಲ್ಲ. ನೂರು ಪಟ್ಟು ಬೇಗ ಬೆಳಕು ಬಿಡುತ್ತದೆ, ಆದರೂ ಒಂದು ಸಲಕ್ಕೆ ಒಂದೇ ಕಣ. ಒಂದೊಂದೇ ಕಣದ ಮೇಲೆ ಗುಟ್ಟು ಹೊರಿಸಿ ಕಳಿಸಿದರೆ ದಾರಿಯಲ್ಲಿ ಕದಿಯುವವನು ಸಿಕ್ಕಿಬೀಳುತ್ತಾನೆ. ನಾಳಿನ ಕ್ವಾಂಟಮ್ ಜಾಲಕ್ಕೆ ಇದೇ ದೀಪ." ಇಲ್ಲಿ ನೀನು ನೀರು ಕುಡಿಯುತ್ತಿದ್ದೆ, ಅವರು ಚಪ್ಪಾಳೆ ತಟ್ಟುತ್ತಿದ್ದರು.

ಹರಳು ಒಂದೇ ಎನ್ನುವುದಕ್ಕೆ ಏನು ಗ್ಯಾರಂಟಿ ಎಂದು ಯಾರಾದರೂ ಕೇಳಿದರೆ ಮುಂದಿನ ಚಿತ್ರ. ಬೆಳಕನ್ನು ಎರಡು ದಾರಿಗೆ ಒಡೆದು ಎರಡು ಎಣಿಕೆ ಯಂತ್ರಗಳಿಗೆ ಬಿಡುತ್ತೇವೆ. ಬರುವುದು ಒಂದೊಂದೇ ಕಣವಾದರೆ ಎರಡೂ ಯಂತ್ರ ಒಟ್ಟಿಗೆ ಟಿಕ್ ಎನ್ನಲಾರವು, ಗ್ರಾಫಿನ ಗೆರೆಯ ನಡುವೆ ಕುಳಿ ಬೀಳುತ್ತದೆ. ಕುಳಿಯ ತಳ 0.5ಕ್ಕಿಂತ ಕೆಳಗಿದ್ದರೆ ಹರಳು ಒಂದೇ. ಮೇಲಿದ್ದರೆ ಎರಡೋ ಮೂರೋ ಅಂಟಿಕೊಂಡು ಕೂತಿವೆ. ನಮ್ಮದು 0.32. ಮತ್ತೆ ಚಪ್ಪಾಳೆ. ಕೊನೆಗೆ, ಪ್ರಶಸ್ತಿ ಕೊಟ್ಟ ದಿನ, ಮೂರನೇ ಸಾಲಿನಲ್ಲಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ನಾನು ಕೂತಿದ್ದಾಗ, "ಚಿಪ್ ತಯಾರಿಸಿದವರು ನಮ್ಮ ತಂತ್ರಜ್ಞೆಯೊಬ್ಬರು" ಎಂದೆ. ಹೆಸರು ಬೇಡ. ತಂಗಿ ಎನ್ನುವುದೂ ಬೇಡ. ಸಹಲೇಖಕಿ ಎನ್ನಲು ಏನು ಕಷ್ಟವಿತ್ತು? ತಂತ್ರಜ್ಞೆ, ಅದೂ ಒಬ್ಬರು.

ತುಣುಕು ಇಳಿಸುವುದು, ಹರಳು ತೊಳೆಯುವುದು, ಒಣಗಿಸುವುದು ಎಲ್ಲವೂ ಎರಡನೆಯ ಪುಸ್ತಕದಲ್ಲಿದೆ, ಅದರ ನಕಲನ್ನು ಹೋಗುವ ದಿನವೇ ನಿನ್ನ ಮೇಜಿನ ಮೇಲಿಟ್ಟಿದ್ದೆ. ನಾಲ್ಕನೆಯದರಲ್ಲಿ ಬರೀ ನಕ್ಷೆಗಳಿವೆ, ಯಾವ ಚಿಪ್‌ನಲ್ಲಿ ಎಲ್ಲಿ ಏನಿದೆ ಎಂದು. ಅದನ್ನು ಕೊಡುವುದಿಲ್ಲ.

ತಂತ್ರಜ್ಞೆಯೊಬ್ಬರು


ಫೆಬ್ರವರಿ 2

ತಂಗಿಗೆ,

ಮೂರು ವರ್ಷ ಒಂದು ಪದವನ್ನು ಬಾಯಲ್ಲಿ ಇಟ್ಟುಕೊಂಡು ಚೀಪುತ್ತಿದ್ದೀಯಲ್ಲ, ಹಲ್ಲು ನೋಯುವುದಿಲ್ಲವೇ? ಆ ಸಭೆಯಲ್ಲಿ ತಂಗಿ ಎಂದಿದ್ದರೆ ಮನೆಯವರನ್ನೇ ತುಂಬಿಸಿಕೊಂಡಿದ್ದಾಳೆ ಎಂದು ಮಾರನೆಯ ದಿನವೇ ಆಡಿಕೊಳ್ಳುತ್ತಿದ್ದರು. ನಿನ್ನನ್ನು ಕಾಪಾಡಲು ಹಾಗೆ ಹೇಳಿದೆ. ಅದು ನಿನಗೆ ಅರ್ಥವಾಗುವ ವಯಸ್ಸು ಆಗಲೂ ಇತ್ತು, ಈಗಲೂ ಇದೆ.

ನೀನು ಮಾಡಿದ್ದೇನು? ಅದೇ ವಾರ ಬೀಗದ ಕೈಯನ್ನು ಕಾವಲುಗಾರನ ಹತ್ತಿರ ಕೊಟ್ಟು ಹೊರಟುಹೋದೆ. ಎದುರಿಗೆ ನಿಂತು ನಾಲ್ಕು ಮಾತು ಬೈದಿದ್ದರೆ ನಾನೂ ಬೈಯುತ್ತಿದ್ದೆ, ಅಲ್ಲಿಗೆ ಮುಗಿಯುತ್ತಿತ್ತು. ಬೆಳಿಗ್ಗೆ ಬಂದು ನೋಡಿದರೆ ನಿನ್ನ ಮೇಜು ಒರೆಸಿಟ್ಟಂತಿತ್ತು. ನನಗೆ ತಲೆನೋವು ಬಂದಾಗ ಕೇಳದೆಯೇ ದೀಪ ಆರಿಸುತ್ತಿದ್ದವಳು ಹೀಗೆ ಹೋದಳು ಎಂದರೆ ಒಂದು ತಿಂಗಳು ನಂಬಲಾಗಲಿಲ್ಲ. ಇದನ್ನು ಓದಿ ನೀನು ಖುಷಿಪಡುತ್ತೀಯೆಂದು ಗೊತ್ತು. ಪಡು.

ಅಮ್ಮನಿಗೆ ನಿನ್ನ ಕಾಗದ ಓದಿ ಹೇಳಿದೆ. "ಕಣ್ಣಿಗೇ ಕಾಣದ ಸಾಮಾನಿಗೆ ಇಷ್ಟು ದೊಡ್ಡ ಜಗಳಾನೇನ್ರೇ? ಕಾಣೋ ಅಂಥದ್ದಾಗಿದ್ರೆ ಏನು ಮಾಡ್ತಿದ್ರಿ?" ಎಂದಳು.

ನಾಲ್ಕನೆಯ ಪುಸ್ತಕವನ್ನು ಎರಡನೆಯ ಸಲ ಕೇಳುತ್ತಿದ್ದೇನೆ. ಕೊಡದಿದ್ದರೆ ಸಂಸ್ಥೆಯ ವಕೀಲರು ಕೇಳುತ್ತಾರೆ.

ಅಕ್ಕ


ಫೆಬ್ರವರಿ 17

ಮೇಡಂ ಅವರಿಗೆ ನಮಸ್ಕಾರ.

ನಾವು ಭೇಟಿಯಾಗಿಲ್ಲ. ನೀವು ಕೂರುತ್ತಿದ್ದ ಮೇಜಿನಲ್ಲಿ ಈಗ ನಾನು ಕೂರುತ್ತಿದ್ದೇನೆ. ಡ್ರಾಯರ್‌ನಲ್ಲಿ ನಿಮ್ಮ ಅಕ್ಷರದ ಚೀಟಿಗಳು ಇನ್ನೂ ಇವೆ, "ಚಿಮಟವನ್ನು ಮುಟ್ಟಿದವರು ತೊಳೆದಿಡಿ" ಎಂದು ಒಂದಿದೆ. ತೊಳೆದೇ ಇಡುತ್ತೇನೆ.

ನನ್ನ ಚಿಪ್‌ಗಳಲ್ಲಿ ಕುಳಿ 0.55, 0.58, 0.6, ಇಷ್ಟರಲ್ಲೇ ನಿಲ್ಲುತ್ತದೆ. ಕಳೆದ ತಿಂಗಳ ಸಭೆಯಲ್ಲಿ ಪ್ರಾಧ್ಯಾಪಕರು ಎಲ್ಲರ ಮುಂದೆ ನನ್ನ ಎರಡೂ ಕೈಯನ್ನು ಮೇಜಿನ ಮೇಲೆ ಇಡಲು ಹೇಳಿದರು. ಇಟ್ಟೆ. "ನೋಡಿ, ಇದರಲ್ಲಿ ಏನಾದ್ರೂ ನಡುಗ್ತಾ ಇದೆಯಾ? ಇಲ್ಲ. ಅಂದ್ರೆ ತೊಂದರೆ ಇನ್ನೂ ಮೇಲಿದೆ" ಎಂದು ತಲೆಯ ಕಡೆ ತೋರಿಸಿದರು. ಎಲ್ಲರೂ ನಕ್ಕರು. ನಾನೂ ನಕ್ಕೆ, ಬೇರೆ ಏನು ಮಾಡಬೇಕೋ ತೋಚಲಿಲ್ಲ.

ಒಂದು ವಿಷಯ ಮಾತ್ರ ಕೂಡಿಬರುತ್ತಿಲ್ಲ. ಹರಳೇ ಇಲ್ಲದ ಕಡೆಯೂ ಚಿನ್ನ ಸ್ವಲ್ಪ ಮಿನುಗುತ್ತದೆ, ಆ ಮಿನುಗನ್ನು ಒಟ್ಟು ಬೆಳಕಿನಿಂದ ಕಳೆದ ಮೇಲೆಯೇ ಕುಳಿಯ ಆಳ ಹೇಳಬೇಕು, ಸರಿಯಷ್ಟೆ? ನಿಮ್ಮ ಲೇಖನದಲ್ಲಿ ಖಾಲಿ ಜಾಗದ ಮಿನುಗು ನೂರಕ್ಕೆ ಇಪ್ಪತ್ತೈದು ಎಂದಿದೆ. ನನ್ನ ಎಪ್ಪತ್ತೊಂದು ಚಿಪ್‌ನಲ್ಲಿ ಅದು ಐದು, ಹೆಚ್ಚೆಂದರೆ ಆರು. ಇಪ್ಪತ್ತೈದು ಕಳೆದರೆ ನನ್ನ 0.58 ಕೂಡ 0.32 ಆಗುತ್ತದೆ. ಲೆಕ್ಕ ಹಾಕಿ ನೋಡಿದೆ.

ಹಳೆಯ ಕಡತದಲ್ಲಿ ಖಾಲಿ ಜಾಗವೆಂದು ಅಳೆದ ಜಾಗದ ಗುರುತಿದೆ. ಚಿಪ್‌ನ ಮುಖ ಮೇಲಿದ್ದಾಗ ಅದು ಬಲಗಡೆಯ ಕೊನೆಯಲ್ಲಿ ಬರುತ್ತದೆ. ಆ ಚಿಪ್‌ನ ಮೇಲಿನ ಚಿನ್ನದ ತುಣುಕುಗಳ ಹನ್ನೆರಡು ಸಾಲುಗಳಲ್ಲಿ ಮೂರು ಸಾಲಿಗೆ ನೀವು ಬೇಕೆಂದೇ ಹರಳು ಹಾಕಿರಲಿಲ್ಲ ಎಂದು ಲೇಖನದಲ್ಲಿದೆ, ಯಾವ ಕಡೆ ಎಂದು ಇಲ್ಲ. ಚಿಪ್ ಈಗ ಗಾಜಿನ ಪೆಟ್ಟಿಗೆಯಲ್ಲಿ ಬಾಗಿಲ ಬಳಿ ಪ್ರದರ್ಶನಕ್ಕಿದೆ. ಹರಳುಗಳು ಬೆಳಕು ಬಿಡುವುದನ್ನು ನಿಲ್ಲಿಸಿ ಸತ್ತುಹೋಗಿರುವುದರಿಂದ ಅದನ್ನು ಕೇಳಿ ಪ್ರಯೋಜನವಿಲ್ಲ.

ಹಾಗಾಗಿ ನಿಮ್ಮನ್ನು ಕೇಳುತ್ತಿದ್ದೇನೆ. ಮುಖ ಮೇಲಿದ್ದಾಗ ನೀವು ಖಾಲಿ ಬಿಟ್ಟದ್ದು ಎಡವೋ ಬಲವೋ? ಒಂದು ಪದ ಬರೆದರೆ ಸಾಕು. ಏಪ್ರಿಲ್ 12ರೊಳಗೆ ಸಿಕ್ಕಿದರೆ ದೊಡ್ಡ ಉಪಕಾರ.

ತಮ್ಮ ವಿಶ್ವಾಸಿ,
ನಿಮ್ಮ ಮೇಜಿನವಳು


ಮಾರ್ಚ್ 3

ಅಕ್ಕ,

ನಿನ್ನ ಸಂಶೋಧಕಿ ನನಗೆ ಬರೆದಿದ್ದಾಳೆ. ಅವಳ ತಲೆಯಲ್ಲಿ ತೊಂದರೆಯಿದೆ ಎಂದೆಯಂತೆ. ನಮ್ಮಿಬ್ಬರ ತಲೆ ಸೇರಿಸಿದರೂ ಅವಳದರ ಮುಂದೆ ಸಾಲದು.

ನಾಲ್ಕನೆಯ ಪುಸ್ತಕ ತೆಗೆದೆ. ಹತ್ತು ದಿನ ತೆಗೆಯದೆ ಕೂತಿದ್ದೆ, ಭಯವಿತ್ತು. ಖಾಲಿ ಬಿಟ್ಟದ್ದು ಎಡಗಡೆಯ ಮೂರು ಸಾಲು. ನೀನು ಖಾಲಿಯೆಂದು ಅಳೆದದ್ದು ಬಲಗಡೆಯ ಕೊನೆ. ಅಲ್ಲಿ ಹರಳುಗಳಿದ್ದವು. ಹರಳಿನ ಬೆಳಕನ್ನು ಚಿನ್ನದ ಮಿನುಗು ಎಂದುಕೊಂಡು ಕಳೆದೆವು, ಕುಳಿ ತಾನಾಗಿ ಆಳವಾಯಿತು. ಹೊಳೆಯುವುದನ್ನು ಹುಡುಕಲು ನಕ್ಷೆ ಬೇಕಿರಲಿಲ್ಲ, ಖಾಲಿಯದನ್ನು ಹುಡುಕಲು ಬೇಕಿತ್ತು, ಅಲ್ಲೇ ಎಡವಿದೆವು. ನಮ್ಮ ನಿಜವಾದ ಅಂಕಿ 0.58. ಒಂದು ಹರಳಲ್ಲ ಅದು. ಎರಡೋ ಮೂರೋ. ನಾಳಿನ ದೀಪ ಎಂದು ನೀನು ಎತ್ತಿ ತೋರಿಸಿದ್ದು ಅದನ್ನು.

ಹೇಗಾಯಿತೆಂದು ಕೇಳುತ್ತೀಯ? ಚಿಪ್‌ನ ಮುಖ ಕೆಳಗೆ ಮಾಡಿ ಇಟ್ಟು ನೋಡುವ ಸೂಕ್ಷ್ಮದರ್ಶಕ ನಮ್ಮದು, ಎಡ ಬಲವಾಗುತ್ತದೆ. ಮುಖ ಮೇಲಿದ್ದ ಹಾಗೆ ನಾನು ನಕ್ಷೆ ಬರೆಯುವುದು, ನೀನು ಅದನ್ನು ಮನಸ್ಸಿನಲ್ಲೇ ತಿರುಗಿಸಿಕೊಂಡು ನೋಡುವುದು, ಇದು ನಮ್ಮ ಪದ್ಧತಿ. ಆ ವಾರ ನಿನಗೆ ಅರೆತಲೆನೋವು. ಕಿಟಕಿಗೆ ಕಪ್ಪು ಕಾಗದ ಅಂಟಿಸಿಕೊಂಡು, ಒಂದು ಕಣ್ಣು ಮುಚ್ಚಿ ಅಳೆಯುತ್ತಿದ್ದೆ. ತಿರುಗಿಸುವ ಕಷ್ಟವಾದರೂ ನಿನಗೆ ತಪ್ಪಲಿ ಎಂದು ನಾನೇ ತಿರುಗಿಸಿ ಬರೆದುಕೊಟ್ಟೆ. ಹಾಳೆಯ ಹಿಂಬದಿಯಲ್ಲಿ ಪೆನ್ಸಿಲಿನಲ್ಲಿ ಬರೆದೆ, "ಈ ಸಲ ತಿರುಗಿಸಿಯೇ ಇದೆ, ಇದ್ದ ಹಾಗೆ ನೋಡು." ನೀನು ಆ ಹಾಳೆಯನ್ನು ಟೇಪು ಹಾಕಿ ಗೋಡೆಗೆ ಅಂಟಿಸಿದೆ, ಹಿಂಬದಿ ಗೋಡೆಯ ಪಾಲಾಯಿತು. ಅಭ್ಯಾಸದಂತೆ ನೀನೂ ತಿರುಗಿಸಿದೆ. ಚಿಪ್‌ಗೆ ಹಾಕಿದ್ದ ಗುರುತು ಮೇಲಂಚಿನ ನಟ್ಟನಡುವೆ, ಅದರಿಂದ ಎಡಬಲ ಗೊತ್ತಾಗುವುದಿಲ್ಲ. ನಡುವೆ ಗೀರು ಹಾಕಬೇಕೆಂದು ಕಲಿಸಿದವಳು ನೀನೇ, ನೋಡಲು ಲಕ್ಷಣವಾಗಿರುತ್ತದೆ ಎಂದು.

ಒಂದು ಹಾಳೆಯನ್ನು ಮಗುಚಿ ನೋಡುವ ವ್ಯವಧಾನ ನಿನಗಿರಲಿಲ್ಲ. ನಿನಗೆ ಯಾವಾಗಲೂ ಎಲ್ಲವೂ ಮುಂದಿನ ಮುಖದಲ್ಲೇ ಬರೆದಿರಬೇಕು, ದೊಡ್ಡ ಅಕ್ಷರದಲ್ಲಿ, ನಿನ್ನ ಹೆಸರಿನ ಕೆಳಗೆ.

ಅವಳಿಗೆ ನಾನಿನ್ನೂ ಉತ್ತರ ಬರೆದಿಲ್ಲ. ನೀನೇ ಅವಳನ್ನು ಕೂರಿಸಿಕೊಂಡು ಹೇಳು. ಲೇಖನ ಹಿಂದಕ್ಕೆ ತೆಗೆದುಕೋ. ನಿನ್ನ ಬಾಯಿಂದ ಅದು ಬರುವುದನ್ನು ನಾನು ನೋಡಬೇಕು.

ನಿನ್ನ ತಂಗಿ


ಮಾರ್ಚ್ 11

ತಂಗಿಗೆ,

ಒಳ್ಳೆಯ ಕಥೆ. ಬರೆಯುವುದರಲ್ಲಿ ನೀನು ಮೊದಲಿನಿಂದಲೂ ಜಾಣೆ.

ಗೋಡೆಯ ಮೇಲಿನ ಆ ಹಾಳೆ ಈಗಿಲ್ಲ. ಕೋಣೆಗೆ ಬಣ್ಣ ಹೊಡೆಸಿದಾಗ ಎಲ್ಲ ಕಿತ್ತು ಹಾಕಿದರು. ನೀನು ಪೆನ್ಸಿಲಿನಲ್ಲಿ ಏನು ಬರೆದಿದ್ದೆ, ಬರೆದಿದ್ದೆಯೋ ಇಲ್ಲವೋ, ಇವತ್ತು ಹೇಳುವವರು ಯಾರು? ನೀನು. ನನ್ನ ಮೇಲೆ ಹಲ್ಲು ಮಸೆಯುತ್ತಿರುವ ನೀನು.

ಆದರೂ ಒಂದು ಮಾತಿಗೆ ನಿನ್ನ ಕಥೆಯೇ ನಿಜ ಅಂತ ಇಟ್ಟುಕೋ. ಪದ್ಧತಿ ಮುರಿದವಳು ಯಾರು? ಹದಿನಾಲ್ಕು ವರ್ಷ ಒಂದೇ ರೀತಿ ಬರೆದುಕೊಟ್ಟು, ಒಂದು ದಿನ ಕರುಣೆ ಉಕ್ಕಿ ಬೇರೆ ರೀತಿ ಬರೆದು, ಬಾಯಿ ಬಿಟ್ಟು ಹೇಳದೆ ಹಿಂಬದಿಯಲ್ಲಿ ಗೀಚಿದವಳು ಯಾರು? ನಾಲ್ಕು ಅಡಿ ದೂರದಲ್ಲಿ ಕೂತಿದ್ದೆ, "ಅಕ್ಕ, ಈ ಸಲ ತಿರುಗಿಸಬೇಡ" ಎನ್ನಲು ನಾಲಿಗೆ ಇರಲಿಲ್ಲವೇ? ನಿನ್ನ ಸಹಾಯ ಯಾವತ್ತೂ ಹೀಗೆಯೇ. ಮಾಡಿದ್ದು ಗೊತ್ತಾಗಬಾರದು, ಗೊತ್ತಾಗಲಿಲ್ಲವಲ್ಲ ಎಂದು ಆಮೇಲೆ ಕೋಪ ಬೇರೆ.

ಆ ಲೇಖನದ ಮೇಲೆ ಒಂದು ಕಟ್ಟಡ ನಿಂತಿದೆ. ನಲವತ್ತು ಜನ ಅದರೊಳಗೆ ಕೆಲಸ ಮಾಡುತ್ತಿದ್ದಾರೆ. ಅವರಿಗೂ ಮನೆಗಳಿವೆ. ನಿನ್ನ ಕಿಟಕಿಯ ಕೋಣೆಯೂ ಅದೇ ಲೇಖನದ ಮೇಲೆ ನಿಂತಿದೆ ಎನ್ನುವುದನ್ನು ಮರೆತೆಯಾ? ನಿನ್ನನ್ನು ಆ ಕಂಪನಿಯವರು ತೆಗೆದುಕೊಂಡದ್ದು 0.32 ಮಾಡಿದವಳೆಂದು. 0.58ನ್ನು ಯಾರು ಬೇಕಾದರೂ ಮಾಡುತ್ತಾರೆ.

ನಾಲ್ಕನೆಯ ಪುಸ್ತಕವನ್ನು ಮೂರನೆಯ ಸಲ ಕೇಳುತ್ತಿದ್ದೇನೆ.

ಅಕ್ಕ


ಮಾರ್ಚ್ 22

ಅಕ್ಕ,

ನಿನ್ನ ಕಾಗದವನ್ನು ನಾಲ್ಕು ಸಲ ಓದಿದೆ. ನಾಲ್ಕನೆಯ ಸಲ ಓದಿದಾಗ ನನ್ನ ದಡ್ಡತನಕ್ಕೆ ನಾನೇ ತಲೆ ಚಚ್ಚಿಕೊಂಡೆ.

ಒಬ್ಬಳ ಕೈ ಸರಿಯಿಲ್ಲದಿದ್ದರೆ ಅವಳಿಗೆ ಬೇಕಾದದ್ದು ಎರಡನೆಯ ಪುಸ್ತಕ, ಕೈಕೆಲಸ ಇರುವುದು ಅದರಲ್ಲಿ. ನೀನು ಜನವರಿಯಿಂದ ಒಂದೇ ಸಮನೆ ಕೇಳುತ್ತಿರುವುದು ನಕ್ಷೆಯ ಪುಸ್ತಕ. ಅದೂ ಮೂಲವೇ ಬೇಕು, ನಕಲು ಬೇಡ. ಯಾಕೆ? ಕೋಣೆಗೆ ಬಣ್ಣ ಹೊಡೆಸಿದಾಗ ಹಾಳೆ ಕಿತ್ತವರು ಯಾರು? ಬೇರೆಯವರು ನಿನ್ನ ಸೂಕ್ಷ್ಮದರ್ಶಕದ ಹತ್ತಿರ ಸುಳಿಯಲು ನೀನು ಬಿಟ್ಟವಳೇ ಅಲ್ಲ. ನೀನೇ ಕಿತ್ತಿದ್ದೀಯ. ಹಿಂಬದಿ ನೋಡಿದ್ದೀಯ. ಹಾಳೆ ಹೋಯಿತು, ಇನ್ನು ಉಳಿದದ್ದು ನನ್ನ ಪುಸ್ತಕದ ಒಂದು ಪುಟ.

ನಿನಗೆ ಮೊದಲೇ ಗೊತ್ತಿತ್ತು. ಗೊತ್ತಿದ್ದೂ ಅವಳ ಕೈಗಳನ್ನು ಮೇಜಿನ ಮೇಲೆ ಇಡಿಸಿ ಎಲ್ಲರನ್ನೂ ನಗಿಸಿದೆ. ಗೊತ್ತಿದ್ದೂ ಇನ್ನೊಂದು ಚಿಪ್ ಮಾಡು, ಮತ್ತೊಂದು ಮಾಡು ಎಂದು ಕೂರಿಸಿದೆ. ಇಲ್ಲದ್ದನ್ನು ಹುಡುಕಲು ಒಬ್ಬಳನ್ನು ಕಳಿಸಿ, ಸಿಗಲಿಲ್ಲವೆಂದು ಅವಳನ್ನೇ ಬೈಯುವುದಕ್ಕೆ ಎಂಥ ಎದೆ ಬೇಕು?

ಸುಳ್ಳೆಂದು ಬರೆ ನೋಡೋಣ. ನಿನ್ನ ಅಕ್ಷರದಲ್ಲಿ, ಒಂದೇ ಸಾಲು, ಗೊತ್ತಿರಲಿಲ್ಲ ಅಂತ.

ನಾನು


ಮಾರ್ಚ್ 30

ನಿನ್ನ ಕಾಗದಗಳೆಲ್ಲ ತಲುಪಿವೆ. ಒಂದನ್ನೂ ಬಿಡದೆ ಜೋಪಾನವಾಗಿ ಇಟ್ಟಿದ್ದೇನೆ. ಅಮ್ಮನಿಗೆ ಕಣ್ಣಿನ ಪರೀಕ್ಷೆ ಗುರುವಾರ, ನಾನು ಕರೆದುಕೊಂಡು ಹೋಗುತ್ತೇನೆ, ನೀನು ಬರಬೇಡ.

ಅಕ್ಕ


ಏಪ್ರಿಲ್ 6

ಗೊತ್ತಿರಲಿಲ್ಲ ಎಂದು ಬರೆಯಲು ನಿನ್ನಿಂದ ಆಗಲಿಲ್ಲ ನೋಡು.

ಇನ್ನು ಆರು ದಿನ ಇದೆ. ಸಮಿತಿಯ ಮುಂದೆ ನೀನೇ ಎದ್ದು ನಿಂತು ಹೇಳದಿದ್ದರೆ ನಿನ್ನ ಮಾನ ಬೀದಿಗೆ ತರುತ್ತೇನೆ. ಆ ಗಾಜಿನ ಪೆಟ್ಟಿಗೆಯನ್ನು ನಿನ್ನ ಕೈಯಿಂದಲೇ ಒಡೆಸುತ್ತೇನೆ. ಹದಿನಾಲ್ಕು ವರ್ಷ ನನ್ನ ಬೆನ್ನ ಮೇಲೆ ಕೂತು ಎತ್ತರ ಕಂಡವಳು ನೀನು, ಒಂದು ಸಲ ಕೆಳಗೆ ಬಿದ್ದರೆ ಎಷ್ಟು ನೋಯುತ್ತದೆ ಎಂದು ನಿನಗೂ ಗೊತ್ತಾಗಲಿ. ಪ್ರಶಸ್ತಿಯ ದಿನ ನಾನು ಮೂರನೇ ಸಾಲಿನಲ್ಲಿ ಕೂತು ನೋಡಿದೆ. ಈ ಸಲ ಮೊದಲನೇ ಸಾಲಿನಲ್ಲಿ ಕೂರುತ್ತೇನೆ.

ಹೆದರಿಕೊಂಡು ಫೋನ್ ಮಾಡಬೇಡ. ಎತ್ತುವುದಿಲ್ಲ.


ಏಪ್ರಿಲ್ 15

ಮೇಡಂ ಅವರಿಗೆ,

12ರಂದು ಸಮಿತಿ ಸೇರಿತು. ನನ್ನನ್ನು ಕೈಬಿಟ್ಟಿದ್ದಾರೆ. ಇಂದು ಮೇಜು ಖಾಲಿ ಮಾಡಿದೆ. ನಡೆದದ್ದು ನಿಮಗೆ ಗೊತ್ತಾಗಬೇಕು ಎಂದು ಬರೆಯುತ್ತಿದ್ದೇನೆ.

ನನ್ನ ಅಂಕಿಗಳನ್ನು ನಾನು ತೋರಿಸಿದೆ. ಇಪ್ಪತ್ತೈದು ಮತ್ತು ಐದರ ವ್ಯತ್ಯಾಸ ಹೇಳಿದೆ. ಖಾಲಿ ಜಾಗ ಅದಲ್ಲ ಎಂದು ನನಗೆ ಅನುಮಾನವಿದೆ ಎಂದೆ. ಒಬ್ಬರು ಹಿರಿಯರು ಮುಂದಕ್ಕೆ ಬಾಗಿ ಕೇಳುತ್ತಿದ್ದರು, ನನಗೆ ಸ್ವಲ್ಪ ಧೈರ್ಯ ಬಂದಿತ್ತು. ಆಗ ಪ್ರಾಧ್ಯಾಪಕರು ಎದ್ದು ಒಂದು ಕಡತ ಮೇಜಿನ ಮೇಲಿಟ್ಟರು. "ಈ ಅನುಮಾನ ಎಲ್ಲಿಂದ ಬಂತು ಅಂತ ನಾನು ಹೇಳ್ತೀನಿ. ಮುಚ್ಚಿಡೋದಕ್ಕೆ ನನ್ನ ಹತ್ರ ಏನೂ ಇಲ್ಲ" ಎಂದರು. ಅದರಲ್ಲಿ ನಿಮ್ಮ ನಾಲ್ಕು ಕಾಗದಗಳಿದ್ದವು. ಅವರೇ ಬರೆದಿದ್ದರ ಪ್ರತಿಗಳೂ ಇದ್ದವು.

ಕೊನೆಯದನ್ನು ಅವರೇ ಓದಿದರು. ಬೀದಿಗೆ ತರುತ್ತೇನೆ, ಬೆನ್ನ ಮೇಲೆ ಕೂತು, ಮೊದಲನೇ ಸಾಲಿನಲ್ಲಿ ಕೂರುತ್ತೇನೆ, ಎಲ್ಲವನ್ನೂ ನಿಧಾನವಾಗಿ, ಏರಿಳಿತವಿಲ್ಲದೆ. ಓದಿ ಮುಗಿಸಿ ಕನ್ನಡಕ ಒರೆಸಿಕೊಂಡರು. ಬಾಗಿ ಕೇಳುತ್ತಿದ್ದ ಹಿರಿಯರು ಹಿಂದಕ್ಕೆ ಒರಗಿದರು. "ಇದು ಅಕ್ಕ ತಂಗಿ ಜಗಳ ಕಣ್ರೀ. ಇದರಲ್ಲಿ ವಿಜ್ಞಾನ ಎಲ್ಲಿದೆ?" ಎಂದರು.

ಮಾರ್ಚ್ 3ರದನ್ನು ನೋಡಿ ಎಂದು ನಾನು ಬೇಡಿಕೊಂಡೆ. ಆ ಕ್ಷಣದವರೆಗೆ ಅದರಲ್ಲಿ ಏನಿದೆಯೆಂದು ನನಗೆ ಗೊತ್ತಿರಲಿಲ್ಲ, ಅವರ ಭುಜದ ಮೇಲಿಂದ ಎಡಗಡೆ ಎಂಬ ಪದ ಕಂಡಿತು ಅಷ್ಟೇ. ಒಬ್ಬರು ಓದಿದರು. "ಇದಕ್ಕೆ ಸಾಕ್ಷಿ ಪುಸ್ತಕ ಅಲ್ವಾ, ಅದೆಲ್ಲಿ?" ಎಂದು ಕೇಳಿದರು. "ಅವಳ ಹತ್ರ ಇದೆ. ಮೂರು ಸಲ ಕೇಳಿದೀನಿ, ಕೊಡ್ತಿಲ್ಲ. ನೋಡಿ, ಬರೆದಿದೀನಿ" ಎಂದು ಪ್ರಾಧ್ಯಾಪಕರು ತಮ್ಮ ಪ್ರತಿಗಳನ್ನು ತೋರಿಸಿದರು. ಅದೂ ನಿಜವೇ.

ಆಮೇಲೆ ಆ ಹಿರಿಯರು ನನ್ನ ಕಡೆ ತಿರುಗಿದರು.

"ನೀವು ಈ ತಂಗಿಯವರಿಗೆ ಬರೆದು ಕೇಳಿದ್ರಂತೆ. ಅವರು ಏನು ಉತ್ತರ ಕೊಟ್ರು?"

"ಏನೂ ಕೊಡ್ಲಿಲ್ಲ ಸರ್."

"ಅವರು ಹೇಳೋದು ನಿಜ ಆಗಿದ್ರೆ, ಮೊದಲು ನಿಮಗೆ ತಿಳಿಸ್ಬೇಕಿತ್ತಲ್ವಾ?"

ಅಲ್ಲಿಗೆ ಮುಗಿಯಿತು.

ಆದೇಶದ ಜೊತೆಗೆ ಕಾಗದಗಳ ಪ್ರತಿಗಳನ್ನೂ ಲಗತ್ತಿಸಿ ಕೊಟ್ಟರು. ನಿನ್ನೆ ಬಸ್ಸಿನಲ್ಲಿ ಕೂತು ಎಲ್ಲವನ್ನೂ ಓದಿದೆ. ನೀವಿಬ್ಬರೂ ಎಷ್ಟು ಚೆನ್ನಾಗಿ ಬೈಯುತ್ತೀರಿ! ಒಂದೊಂದು ಮಾತೂ ನಾಟುವ ಹಾಗಿದೆ. ಮಾರ್ಚ್ ಮೂರರಿಂದ ನಿಮಗೆ ಗೊತ್ತಿತ್ತು. ಅಕ್ಕನ ಬಾಯಿಂದ ಬರಬೇಕೆಂದು ನೀವು ಕಾದಿರಿ. ನಾನು ಪ್ರತಿದಿನ ಹನ್ನೊಂದು ಗಂಟೆಗೆ ಅಂಚೆ ಪೆಟ್ಟಿಗೆ ನೋಡುತ್ತಿದ್ದೆ. ನಿಮ್ಮ ಅಕ್ಕ ನನ್ನನ್ನು ಸುಳ್ಳಿನಿಂದ ಹೊರಗೆ ಹಾಕಿದರು, ನೀವು ಸತ್ಯವನ್ನು ಕೈಯಲ್ಲಿಟ್ಟುಕೊಂಡು ಅದನ್ನೇ ಮಾಡಿದಿರಿ. ನನಗೆ ಇಬ್ಬರಲ್ಲಿ ವ್ಯತ್ಯಾಸ ಕಾಣುತ್ತಿಲ್ಲ.

ಮೇಲ್ಮನವಿಗೆ ಇನ್ನು ಹದಿನೈದು ದಿನ ಇದೆ. ನಿಮ್ಮಿಂದ ಕ್ಷಮೆ ಬೇಡ, ಸಮಾಧಾನದ ಮಾತೂ ಬೇಡ. ಆಗುವುದಿದ್ದರೆ ಸಮಿತಿಗೆ ಒಂದು ಪುಟ ಬರೆಯಿರಿ. ನಡೆದದ್ದು ಮಾತ್ರ ಇರಲಿ. ಅಕ್ಕ ಎಂಬ ಪದ ಅದರಲ್ಲಿ ಎಲ್ಲೂ ಬರಬಾರದು.

ಇಂತಿ,
ಆ ಮೇಜಿನಲ್ಲಿ ಕೂರುತ್ತಿದ್ದವಳು


ಏಪ್ರಿಲ್ 23

ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ,

ಇದರೊಡನೆ ನನ್ನ ನಾಲ್ಕನೆಯ ಪ್ರಯೋಗ ಪುಸ್ತಕದ ಮೂಲ ಪ್ರತಿಯನ್ನು ಕಳಿಸುತ್ತಿದ್ದೇನೆ. ನೋಡಬೇಕಾದ ಪುಟ 88.

ಪ್ರಕಟಿತ ಲೇಖನದ ಚಿಪ್‌ನಲ್ಲಿ ಹರಳು ಹಾಕದೆ ಬಿಟ್ಟದ್ದು, ಮುಖ ಮೇಲಿದ್ದಾಗ, ಎಡಗಡೆಯ ಮೂರು ಸಾಲು. ಖಾಲಿ ಜಾಗವೆಂದು ಅಳೆದದ್ದು ಬಲಗಡೆಯ ಸಾಲು. ಆದ್ದರಿಂದ ಕಳೆದ ಹಿನ್ನೆಲೆ ಬೆಳಕು ತಪ್ಪು. ಸರಿಯಾದ ಅಂಕಿ 0.32 ಅಲ್ಲ, 0.58. ಅದು ಒಂಟಿ ಹರಳಿನ ಬೆಳಕಲ್ಲ.

ತಪ್ಪಿಗೆ ಕಾರಣ ನಕ್ಷೆ. ವಾಡಿಕೆಗೆ ವಿರುದ್ಧವಾಗಿ ಆ ಸಲ ನಾನು ಅದನ್ನು ತಿರುಗಿಸಿ ಬರೆದೆ. ಹಾಳೆಯ ಹಿಂಬದಿಯಲ್ಲಿ ಬರೆದಿದ್ದೆ, ಬಾಯಲ್ಲಿ ಹೇಳಲಿಲ್ಲ. ಅಳೆದವರು ವಾಡಿಕೆಯಂತೆ ನೋಡಿದರು. ಲೇಖನದಲ್ಲಿರುವ ನನ್ನ ಹೆಸರನ್ನು ಹಿಂತೆಗೆದುಕೊಳ್ಳುತ್ತಿದ್ದೇನೆ. ಇದೇ ಹೇಳಿಕೆಯನ್ನು ಪತ್ರಿಕೆಯ ಸಂಪಾದಕರಿಗೂ, ನಾನು ಕೆಲಸ ಮಾಡುವ ಕಂಪನಿಗೂ ಕಳಿಸಿದ್ದೇನೆ.

ತಾವು ಕೈಬಿಟ್ಟ ಸಂಶೋಧಕಿಯ ಎಪ್ಪತ್ತೊಂದು ಚಿಪ್‌ಗಳ ಅಳತೆ ಸರಿಯಾಗಿದೆ. ಅವರ ಕೈಯಲ್ಲಿ ದೋಷವಿಲ್ಲ. ತಪ್ಪು ಎಲ್ಲಿದೆಯೆಂದು ನಮ್ಮೆಲ್ಲರಿಗಿಂತ ಮೊದಲು ಕಂಡುಹಿಡಿದವರು ಅವರು. ಫೆಬ್ರವರಿ 17ರಂದು ನನಗೆ ಕಾಗದ ಬರೆದು, ಎಡವೋ ಬಲವೋ ಎಂದಷ್ಟೇ ಕೇಳಿದ್ದರು. ಮಾರ್ಚ್ 3ರಂದು ನನಗೆ ಉತ್ತರ ಗೊತ್ತಾಯಿತು. ಅವರಿಗೆ ನಾನು ಬರೆಯಲಿಲ್ಲ.

ತಮ್ಮ ವಿಶ್ವಾಸಿ,
ಲೇಖನದ ಎರಡನೆಯ ಲೇಖಕಿ